ದೇಹ ಸೋಲುವಾಗ ಮನಸ್ಸು

ಸ್ಟೀಫನ್ ಹಾಕಿಂಗ್ ಎಂದೊಡನೆ ಕಣ್ಣೆದುರು ಬರುವುದು ಒಂದು ಗಾಲಿಕುರ್ಚಿ, ಒಂದು ಪಕ್ಕಕ್ಕೆ ವಾಲಿದ ತಲೆ, ಯಂತ್ರದಿಂದ ಹೊರಡುವ ದನಿ. ಕಪ್ಪುಕುಳಿಗಳ ಬಗ್ಗೆ ಅವರು ಹೇಳಿದ್ದು ಎಷ್ಟು ಜನಕ್ಕೆ ಅರ್ಥವಾಯಿತೋ, ಆ ಚಿತ್ರವಂತೂ ಎಲ್ಲರಿಗೂ ಪರಿಚಿತ. ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಿ ಛಲಕ್ಕೆ ಉದಾಹರಣೆ ಬೇಕಾದಾಗಲೆಲ್ಲ ಅವರ ಹೆಸರು ಬಂದೇ ಬರುತ್ತದೆ. ಆದರೆ ಆ ಕುರ್ಚಿಗೆ ಬಂದು ಕೂರುವ ಮೊದಲು ಅವರೂ ಒಬ್ಬ ವಿದ್ಯಾರ್ಥಿಯಾಗಿದ್ದರು, ಅದೂ ಅಷ್ಟೇನೂ ಓದದ ವಿದ್ಯಾರ್ಥಿ. ಇನ್ನು ಹೆಚ್ಚು ದಿನ ಉಳಿಯುವುದಿಲ್ಲ ಎಂದು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ತಿಳಿದಾಗ ಅವರ ಮನಸ್ಸು ಏನಾಯಿತು, ಆಮೇಲೆ ಅದು ಹೇಗೆ ಎದ್ದು ಕೂತಿತು ಎಂಬ ಭಾಗವನ್ನು ಭಾಷಣಕಾರರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ನಿಜವಾಗಿ ತಿಳಿಯಬೇಕಾದದ್ದು ಅದೇ.

ಆಕ್ಸ್‌ಫರ್ಡಿನಲ್ಲಿ ಮೂರು ವರ್ಷದ ಪದವಿ ಓದುವಾಗ ತಾವು ಒಟ್ಟು ಸುಮಾರು ಸಾವಿರ ಗಂಟೆ ಓದಿರಬಹುದು, ಅಂದರೆ ದಿನಕ್ಕೆ ಸರಾಸರಿ ಒಂದು ಗಂಟೆ ಎಂದು ಹಾಕಿಂಗ್ ಮುಂದೆ ಲೆಕ್ಕ ಹಾಕಿದ್ದಾರೆ. (ಮಕ್ಕಳು ಈ ವಾಕ್ಯವನ್ನು ಅಪ್ಪ ಅಮ್ಮನಿಗೆ ಓದಿ ಹೇಳುವ ಮೊದಲು ಮುಂದಿನದನ್ನೂ ಓದಲಿ.) ಕೊನೆಯ ವರ್ಷದಲ್ಲಿ ಕೈಕಾಲು ಏಕೋ ಹಿಡಿತಕ್ಕೆ ಸಿಗದಂತಾಯಿತು. ಒಮ್ಮೆ ಮೆಟ್ಟಿಲಿನಿಂದ ಉರುಳಿ ಬಿದ್ದರು. ಡಾಕ್ಟರರು ಬಿಯರ್ ಕುಡಿಯುವುದನ್ನು ಬಿಡು ಎಂದು ಹೇಳಿ ಕಳಿಸಿದರಂತೆ. 1962ರ ಕ್ರಿಸ್ಮಸ್ ರಜೆಯಲ್ಲಿ ಸೇಂಟ್ ಆಲ್ಬನ್ಸ್‌ನ ಮನೆಗೆ ಬಂದಾಗ ತಾಯಿಯ ಒತ್ತಾಯಕ್ಕೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಜಾರಾಡಲು ಹೋದರು, ಬಿದ್ದರು, ಏಳಲು ಬಹಳ ಕಷ್ಟವಾಯಿತು. ಏನೋ ಸರಿಯಿಲ್ಲ ಎಂದು ತಾಯಿಗೆ ಹೊಳೆದದ್ದು ಆಗ.

ಮುಂದಿನದು ಆಸ್ಪತ್ರೆ. ತೋಳಿನಿಂದ ಸ್ನಾಯುವಿನ ಚೂರು ತೆಗೆದರು, ಮೈಗೆ ವಿದ್ಯುದ್ವಾರ ಚುಚ್ಚಿ ನೋಡಿದರು, ಬೆನ್ನಿಗೆ ದ್ರವ ಸೇರಿಸಿ ಹಾಸಿಗೆಯನ್ನು ಅತ್ತಿತ್ತ ವಾಲಿಸಿ ಕ್ಷಕಿರಣದಲ್ಲಿ ಪರೀಕ್ಷಿಸಿದರು. ಇಷ್ಟೆಲ್ಲ ಮಾಡಿಯೂ ರೋಗದ ವಿವರವನ್ನು ರೋಗಿಗೆ ಹೇಳಲಿಲ್ಲ. ಗುಣವಾಗುವಂಥದಲ್ಲ ಎಂಬುದು ಅವರಿಗೆ ಅರ್ಥವಾಗಿತ್ತು. ಹೆಚ್ಚಿನದನ್ನು ಅವರೂ ಕೇಳಲಿಲ್ಲ. ಎದುರಿನ ಹಾಸಿಗೆಯಲ್ಲಿದ್ದ ಹುಡುಗನೊಬ್ಬ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ತನಗಿಂತ ಕೆಟ್ಟ ಸ್ಥಿತಿಯಲ್ಲಿ ಇರುವವರಿದ್ದಾರೆ ಎಂಬುದು, ತನ್ನ ಬಗ್ಗೆ ತಾನೇ ಮರುಕಪಡುವ ಹೊತ್ತಿನಲ್ಲೆಲ್ಲ ಅವರಿಗೆ ನೆನಪಾಗುತ್ತಿತ್ತು.

ಈ ರೋಗದ ಹೆಸರು ಅಮಿಯೊಟ್ರೋಫಿಕ್ ಲ್ಯಾಟರಲ್ ಸ್ಕ್ಲೆರೋಸಿಸ್. ಫ್ರಾನ್ಸಿನ ವೈದ್ಯ ಜಾನ್ ಮಾರ್ಟಿನ್ ಶಾರ್ಕೋ 1869ರಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದರು. ಬ್ರಿಟನ್ನಿನಲ್ಲಿ ಮೋಟಾರ್ ನ್ಯೂರಾನ್ ಕಾಯಿಲೆ ಎನ್ನುವುದು ರೂಢಿ. ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರ ಲೂ ಗೆರಿಗ್ ಅವರ ಹೆಸರಿನಿಂದಲೇ ಕರೆಯುತ್ತಾರೆ. ಸತತ 2,130 ಪಂದ್ಯ ತಪ್ಪಿಸದೆ ಆಡಿದ್ದ ಆ ಗಟ್ಟಿ ಆಳಿಗೆ 1939ರಲ್ಲಿ, ಮೂವತ್ತಾರನೆಯ ಹುಟ್ಟುಹಬ್ಬದ ದಿನವೇ ಇದು ಪತ್ತೆಯಾಯಿತು, 1941ರಲ್ಲಿ ತೀರಿಕೊಂಡರು. ಆಟ ಬಿಟ್ಟ ಮೇಲೆ ಅವರು ಸುಮ್ಮನೆ ಮನೆಯಲ್ಲಿ ಕೂರಲಿಲ್ಲ, ನ್ಯೂಯಾರ್ಕ್ ನಗರದ ಪೆರೋಲ್ ಆಯೋಗದಲ್ಲಿ ಕೆಲಸ ಮಾಡಿದರು ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ನರಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂಬ ಪ್ರಶ್ನೆಗೆ ಉತ್ತರಿಸದ ಹತ್ತನೇ ತರಗತಿಯ ವಿದ್ಯಾರ್ಥಿ ಇಲ್ಲ. ಆ ಚಿತ್ರದಲ್ಲಿ ಬಾಲದಂತೆ ಉದ್ದಕ್ಕೆ ಎಳೆಯುವ ಆಕ್ಸಾನ್, ಮಿದುಳುಬಳ್ಳಿಯಿಂದ ಪಾದದವರೆಗೆ ಹೋಗುವ ನರದಲ್ಲಿ ಹೆಚ್ಚುಕಡಿಮೆ ಒಂದು ಮೀಟರ್ ಉದ್ದವಿರುತ್ತದೆ. ಮಿದುಳಿನಿಂದ ಹೊರಟ ಅಪ್ಪಣೆ ಮಿದುಳುಬಳ್ಳಿಗೆ, ಅಲ್ಲಿಂದ ಇನ್ನೊಂದು ಕೋಶದ ಮೂಲಕ ಸ್ನಾಯುವಿಗೆ, ಹೀಗೆ ಎರಡು ಹಂತದಲ್ಲಿ ತಲುಪುತ್ತದೆ. ಈ ಎರಡೂ ಹಂತದ ಕ್ರಿಯಾವಾಹಿ ನರಕೋಶಗಳು ಒಂದೊಂದಾಗಿ ಸಾಯುವುದೇ ಈ ರೋಗ. ಅಪ್ಪಣೆ ಬಾರದ ಸ್ನಾಯು ಬಡಕಲಾಗುತ್ತದೆ. ಮೊದಲು ಅಂಗಿಯ ಗುಂಡಿ ಹಾಕಲಾಗದು, ಇಲ್ಲವೇ ಪಾದ ಎಡವುತ್ತದೆ, ಕೆಲವರಿಗೆ ಮಾತು ತೊದಲುತ್ತದೆ. ಆಮೇಲೆ ಮಾತು, ನುಂಗುವುದು, ಕೊನೆಗೆ ಉಸಿರಾಟ. ಬಹುತೇಕ ಜನ ಲಕ್ಷಣ ಕಾಣಿಸಿದ ಎರಡರಿಂದ ಐದು ವರ್ಷಗಳಲ್ಲಿ ತೀರಿಕೊಳ್ಳುತ್ತಾರೆ. ನೂರಕ್ಕೆ ಸುಮಾರು ಹತ್ತು ಮಂದಿ ಹತ್ತು ವರ್ಷ ದಾಟುತ್ತಾರೆ. ರಿಲುಝೋಲ್ ಎಂಬ ಔಷಧಿ 1995ರಿಂದ ಇದೆ. ಅದು ಕೊಡುವುದು ಕೆಲವು ತಿಂಗಳ ಹೆಚ್ಚುವರಿ ಆಯಸ್ಸು. ಒಂದು ನಿರ್ದಿಷ್ಟ ಜೀನಿನ ದೋಷವಿರುವ ಕೆಲವೇ ಮಂದಿಗಾಗಿ ಟೋಫರ್ಸೆನ್ ಎಂಬ ಇನ್ನೊಂದು ಔಷಧಿಗೆ 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಗುಣಪಡಿಸುವ ಮದ್ದು ಇಲ್ಲ.

ಇಲ್ಲಿ ಪೋಷಕರಿಗೆ ಒಂದು ಮಾತು. ಕೈ ಸೋತ ಎಲ್ಲ ಹುಡುಗರಿಗೂ ಇದೇ ರೋಗವೆಂದು ಹೆದರಬೇಕಿಲ್ಲ. ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗರಲ್ಲಿ ಒಂದೇ ಕೈ ಅಥವಾ ಒಂದೇ ಕಾಲು ಬಡವಾಗುತ್ತ ಬಂದು, ಕೆಲವು ವರ್ಷಗಳಲ್ಲಿ ತಾನಾಗಿ ನಿಂತುಬಿಡುವ ಬೇರೆಯೇ ಒಂದು ಕಾಯಿಲೆ ಇದೆ. ಅದನ್ನು ಗುರುತಿಸಿ 1984ರಲ್ಲಿ ಮೊನೊಮೆಲಿಕ್ ಅಮಿಯೊಟ್ರೊಫಿ ಎಂದು ಹೆಸರಿಟ್ಟವರು ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಅವರ ಸಂಗಡಿಗರು. ಯಾವುದು ಯಾವುದೆಂದು ಹೇಳಬೇಕಾದವರು ನರರೋಗ ತಜ್ಞರು, ಪಕ್ಕದ ಮನೆಯವರಲ್ಲ.

ರೋಗ ಏನನ್ನು ಕಸಿಯುತ್ತದೆ ಎಂಬುದರಷ್ಟೇ, ಏನನ್ನು ಬಿಡುತ್ತದೆ ಎಂಬುದೂ ಮನಸ್ಸಿನ ವಿಚಾರದಲ್ಲಿ ಮುಖ್ಯ. ಜ್ಞಾನವಾಹಿ ನರಗಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ, ಮುಟ್ಟಿದ್ದು ತಿಳಿಯುತ್ತದೆ. ಕೈ ಮೇಲೆ ಸೊಳ್ಳೆ ಕೂತದ್ದು ಗೊತ್ತಾಗುತ್ತದೆ, ಕಚ್ಚಿದ್ದೂ ಗೊತ್ತಾಗುತ್ತದೆ, ಹೊಡೆಯಲಾಗುವುದಿಲ್ಲ. ಕಣ್ಣುಗುಡ್ಡೆಯನ್ನು ತಿರುಗಿಸುವ ಸ್ನಾಯುಗಳು ಎಲ್ಲಕ್ಕಿಂತ ಕೊನೆಯವರೆಗೂ ಉಳಿಯುತ್ತವೆ. ಸ್ವಲ್ಪ ಮಂದಿಯಲ್ಲಿ ಮಿದುಳಿನ ಮುಂಭಾಗಕ್ಕೂ ರೋಗ ತಗಲಿ ಸ್ವಭಾವ, ವಿವೇಚನೆ ಬದಲಾಗುವುದುಂಟು. ಆದರೆ ಹೆಚ್ಚಿನವರ ಬುದ್ಧಿ ಹಾಗೆಯೇ ಇರುತ್ತದೆ. ಅಂದಮೇಲೆ ಹಾಸಿಗೆಯ ಪಕ್ಕದಲ್ಲಿ ನಿಂತು ‘ಪಾಪ, ಇನ್ನೆಷ್ಟು ದಿನವೋ’ ಎಂದು ನೆಂಟರು ಆಡುವ ಮಾತೂ ಕೇಳುತ್ತದೆ.

ಮತ್ತೆ ಹಾಕಿಂಗ್ ಅವರ ಕಥೆಗೆ ಬರೋಣ. 1963ರ ಆ ತಿಂಗಳುಗಳಲ್ಲಿ ಅವರು ಕೇಂಬ್ರಿಜಿನ ಕೋಣೆಯಲ್ಲಿ ವಾಗ್ನರನ ಸಂಗೀತ ಕೇಳುತ್ತ ಕೂರುತ್ತಿದ್ದರು. ಪಿಎಚ್.ಡಿ. ಮುಗಿಯುವಷ್ಟು ದಿನ ಬದುಕುವ ಭರವಸೆಯೇ ಇಲ್ಲದಾಗ ಓದಿ ಏನು ಪ್ರಯೋಜನ? ಆ ಕಾಲದಲ್ಲಿ ಒಂದು ಕನಸು ಬೀಳುತ್ತಿತ್ತು: ತಮ್ಮನ್ನು ಗಲ್ಲಿಗೆ ಒಯ್ಯುತ್ತಿರುವಂತೆ. ಎಚ್ಚರವಾದಾಗ, ಶಿಕ್ಷೆ ಮುಂದೆ ಹೋದರೆ ಮಾಡಬಹುದಾದ ಒಳ್ಳೆಯ ಕೆಲಸಗಳು ಎಷ್ಟೊಂದಿವೆ ಎನಿಸುತ್ತಿತ್ತಂತೆ. ಅದೇ ಹೊತ್ತಿನಲ್ಲಿ ಜೇನ್ ವೈಲ್ಡ್ ಎಂಬ ಹುಡುಗಿಯ ಪರಿಚಯವಾಗಿತ್ತು. 1964ರಲ್ಲಿ ನಿಶ್ಚಿತಾರ್ಥವಾಯಿತು. ಮದುವೆಯಾಗಬೇಕಾದರೆ ಕೆಲಸ ಬೇಕು, ಕೆಲಸಕ್ಕೆ ಪಿಎಚ್.ಡಿ. ಬೇಕು. ಹೀಗೆ ಜೀವನದಲ್ಲಿ ಮೊದಲ ಬಾರಿಗೆ ಮೈಮುರಿದು ಓದತೊಡಗಿದರು. ಅಚ್ಚರಿಯೆಂದರೆ, ಓದು ಇಷ್ಟವೂ ಆಯಿತು! ಅವರನ್ನು ಮೇಲೆತ್ತಿದ್ದು ದೊಡ್ಡ ತತ್ತ್ವವೇನಲ್ಲ. ಬರುವ ವರ್ಷ ಮಾಡಲೇಬೇಕಾದ ಒಂದು ಕೆಲಸ, ಅದಕ್ಕಾಗಿ ಕಾಯುವ ಒಬ್ಬ ವ್ಯಕ್ತಿ.

ಇನ್ನೊಬ್ಬರ ಪಾತ್ರವೂ ಇಲ್ಲಿದೆ. ತಂದೆ ಫ್ರ್ಯಾಂಕ್ ಹಾಕಿಂಗ್ ಸ್ವತಃ ವೈದ್ಯರು. ಮಗನಿಗೆ ಉಳಿದಿರುವ ಕಾಲದ ಅಂದಾಜು ಅವರಿಗಿತ್ತು. ಅವರು ಮಗನ ಮಾರ್ಗದರ್ಶಕ ಡೆನಿಸ್ ಸಿಯಾಮ ಅವರನ್ನು ಕಂಡು, ಪಿಎಚ್.ಡಿ. ಬೇಗ ಮುಗಿಯುವಂತೆ ಏನಾದರೂ ಮಾಡಲಾದೀತೇ ಎಂದು ಕೇಳಿದರು. ಸಿಯಾಮ ಆಗುವುದಿಲ್ಲ ಎಂದರು. ನಮ್ಮಲ್ಲಾದರೆ ಇಂಥ ಗುರುವನ್ನು ಕಲ್ಲುಹೃದಯದವನೆಂದು ಊರೆಲ್ಲ ಬೈಯುತ್ತಿತ್ತು. ಆದರೆ ಯೋಚಿಸಿ ನೋಡಿ. ಸುತ್ತಲಿನವರೆಲ್ಲ ಸಾಯುವ ಹುಡುಗನೆಂದು ನೋಡುತ್ತಿದ್ದಾಗ ಒಬ್ಬರಾದರೂ ಪಿಎಚ್.ಡಿ. ಮಾಡುವ ಹುಡುಗನೆಂದು ನೋಡಿದರು. ತಂದೆಯ ಸಂಕಟವೂ ಸುಳ್ಳಲ್ಲ, ಗುರುವಿನ ನಿರಾಕರಣೆಯೂ ತಪ್ಪಲ್ಲ. 1966ರಲ್ಲಿ ಹಾಕಿಂಗ್ ಅವರಿಗೆ ಸಿಕ್ಕ ಪದವಿ ಕನಿಕರದ್ದಾಗಿರಲಿಲ್ಲ.

1970ರ ನವೆಂಬರಿನಲ್ಲಿ ಮಗಳು ಲೂಸಿ ಹುಟ್ಟಿದ ಸ್ವಲ್ಪ ದಿನಕ್ಕೆ ಒಂದು ರಾತ್ರಿ ಮಲಗಲು ಹೋಗುತ್ತ ಅವರು ಕಪ್ಪುಕುಳಿಗಳ ಬಗ್ಗೆ ಯೋಚಿಸುತ್ತಿದ್ದರು. ಬಟ್ಟೆ ಕಳಚಿ ಹಾಸಿಗೆ ಸೇರುವುದೇ ಅವರಿಗೆ ದೊಡ್ಡ ಕೆಲಸವಾಗಿತ್ತು, ಆದ್ದರಿಂದ ಯೋಚಿಸಲು ಧಾರಾಳ ಸಮಯ! ಕಪ್ಪುಕುಳಿಯ ಮೇಲ್ಮೈ ಎಂದೂ ಕುಗ್ಗಲಾರದು ಎಂಬ ಅವರ ಪ್ರಸಿದ್ಧ ಫಲಿತಾಂಶದ ಮೊಳಕೆ ಆ ನಿಧಾನದಲ್ಲೇ ಹುಟ್ಟಿತು. ಇದನ್ನು ಅವರೇ ತಮಾಷೆಯಾಗಿ ಬರೆದುಕೊಂಡಿದ್ದಾರೆ.

ಹಾಗೆಂದು ಆ ಮನೆಯಲ್ಲಿ ಎಲ್ಲವೂ ನಗುವಾಗಿರಲಿಲ್ಲ. ಗಂಡನನ್ನು ಎತ್ತಿ ಕೂರಿಸುವುದು, ಉಣಿಸುವುದು, ಜೊತೆಗೆ ಮೂರು ಮಕ್ಕಳು, ಇಷ್ಟನ್ನೂ ವರ್ಷಗಟ್ಟಲೆ ಹೊತ್ತವರು ಜೇನ್. ಹಾಕಿಂಗ್ ತಮ್ಮ ಕಾಯಿಲೆಯ ಬಗ್ಗೆ ಮನೆಯಲ್ಲಿ ಮಾತೇ ಆಡುತ್ತಿರಲಿಲ್ಲ, ಆ ಮೌನ ತಮ್ಮನ್ನು ಒಂಟಿಯಾಗಿಸಿತು ಎಂದು ಜೇನ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಧೈರ್ಯವೆಂದು ಲೋಕ ಹೊಗಳಿದ್ದು ಮನೆಯೊಳಗೆ ಗೋಡೆಯಾಗಿತ್ತು. 1985ರಲ್ಲಿ ಜಿನೀವಾದಲ್ಲಿ ಹಾಕಿಂಗ್ ಅವರಿಗೆ ನ್ಯುಮೋನಿಯ ಬಂತು. ಉಸಿರಾಟದ ಯಂತ್ರ ನಿಲ್ಲಿಸೋಣವೇ ಎಂದು ವೈದ್ಯರು ಕೇಳಿದಾಗ ಬೇಡವೆಂದು ಹಟ ಹಿಡಿದು ಕೇಂಬ್ರಿಜಿಗೆ ಕರೆತಂದವರೂ ಜೇನ್ ಅವರೇ. ಕೊರಳಿಗೆ ರಂಧ್ರ ಮಾಡಿ ಜೀವ ಉಳಿಸಿದರು. ತೊದಲುತ್ತಲಾದರೂ ಉಳಿದಿದ್ದ ಮಾತು ಹೋಯಿತು. ಆ ದಿನಗಳಲ್ಲಿ ಬದುಕೇ ಬೇಡವೆನ್ನುವಷ್ಟು ಹತಾಶೆಯಾಗಿತ್ತು ಎಂದು ಹಾಕಿಂಗ್ ಬಹಳ ವರ್ಷಗಳ ಮೇಲೆ ಒಪ್ಪಿಕೊಂಡರು. ಆಮೇಲೆ ಹಗಲಿರುಳು ದಾದಿಯರು ಬೇಕಾದರು. ಅದರ ಖರ್ಚಿಗೆ ನೆರವಾದದ್ದು ಅಮೆರಿಕದ ಒಂದು ಪ್ರತಿಷ್ಠಾನ. ದಂಪತಿಗಳು 1990ರಲ್ಲಿ ಬೇರೆಯಾದರು. ಮುಂದೆ ಸ್ನೇಹ ಮರಳಿತು.

ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಈ ರೋಗ ಬಂದವರ ಮುಂದೆ ‘ಹಾಕಿಂಗ್ ಅವರನ್ನು ನೋಡಿ, ಧೈರ್ಯ ತಂದುಕೊಳ್ಳಿ’ ಎನ್ನುವವರು ಬಹಳ. ಹಾಕಿಂಗ್ ರೋಗದೊಂದಿಗೆ 55 ವರ್ಷ ಬದುಕಿ 2018ರ ಮಾರ್ಚ್ 14ರಂದು ತಮ್ಮ 76ನೇ ವಯಸ್ಸಿನಲ್ಲಿ ತೀರಿಕೊಂಡರು. 2001ರ ಜನವರಿಯಲ್ಲಿ ಮುಂಬಯಿಗೆ ಬಂದು 59ನೇ ಹುಟ್ಟುಹಬ್ಬ ಆಚರಿಸಿಕೊಂಡರು. ರೋಗ ಇಷ್ಟು ನಿಧಾನವಾಗಿ ಬೆಳೆಯುವುದು ತೀರ ಅಪರೂಪ. ಛಲದಿಂದ ನರಕೋಶ ಉಳಿಯುವುದಿಲ್ಲ. ಎರಡೇ ವರ್ಷದಲ್ಲಿ ಹೋದವರಿಗೆ ಛಲ ಕಡಿಮೆಯಿತ್ತು ಎಂದಂತಾಗುವ ಆ ಮಾತು ಕ್ರೂರವಾದದ್ದು.

ಇನ್ನೊಂದು ಬಗೆಯಲ್ಲಿ ಬದುಕಿದವರು ಮೊರಿ ಶ್ವಾರ್ಟ್ಸ್. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರು, ಕುಣಿಯುವುದೆಂದರೆ ಪ್ರಾಣ. ಎಪ್ಪತ್ತು ದಾಟಿದ ಮೇಲೆ ಈ ರೋಗ ತಗಲಿ 1995ರ ನವೆಂಬರಿನಲ್ಲಿ ತೀರಿಕೊಂಡರು. ಅವರ ಹಳೆಯ ವಿದ್ಯಾರ್ಥಿ ಮಿಚ್ ಆಲ್ಬಮ್ ಪ್ರತಿ ಮಂಗಳವಾರ ಬಂದು ಕೂತು ಆಡಿದ ಮಾತುಗಳು 1997ರಲ್ಲಿ ಪುಸ್ತಕವಾಗಿ ಲೋಕಪ್ರಸಿದ್ಧವಾದವು. ಹಾಕಿಂಗ್ ಮುಚ್ಚಿಟ್ಟದ್ದನ್ನು ಮೊರಿ ಬಿಚ್ಚಿಟ್ಟರು. ಬೆಳಿಗ್ಗೆ ಎದ್ದಾಗ ಏನೇನು ಹೋಯಿತು ಎಂದು ಮೈಯನ್ನು ಪರೀಕ್ಷಿಸಿಕೊಳ್ಳುವರು, ಅಳು ಬಂದರೆ ಅಳುವರು, ಅಷ್ಟಕ್ಕೆ ನಿಲ್ಲಿಸಿ ಆ ದಿನ ಬರುವವರ ಕಡೆಗೆ ಮನಸ್ಸು ತಿರುಗಿಸುವರು. ಶೌಚಕ್ಕೆ ಹೋದಾಗ ಇನ್ನೊಬ್ಬರು ತೊಳೆಸಬೇಕಾಗುವ ದಿನವನ್ನು ನೆನೆದು ಅವರಿಗೆ ಎಲ್ಲಕ್ಕಿಂತ ಹೆಚ್ಚು ಭಯವಿತ್ತು. ಆ ದಿನ ಬಂದಾಗ, ಮಗುವಾಗಿದ್ದಾಗ ಮಾಡಿಸಿಕೊಂಡದ್ದೇ ತಾನೆ ಎಂದು ನಾಚಿಕೆ ಬಿಟ್ಟರು. ಸತ್ತ ಮೇಲೆ ಜನ ಆಡುವ ಒಳ್ಳೆಯ ಮಾತು ತನಗೆ ಕೇಳಿಸುವುದಿಲ್ಲವಲ್ಲ ಎಂದು ಬದುಕಿದ್ದಾಗಲೇ ಗೆಳೆಯರನ್ನು ಕರೆದು ತಮ್ಮ ಶ್ರದ್ಧಾಂಜಲಿ ಸಭೆ ನಡೆಸಿಕೊಂಡರು! ನಮ್ಮ ಹಿರಿಯರಿಗೆ ಇದು ಅಪಶಕುನವೆನಿಸೀತು. ಎಲ್ಲ ಮನೆಗೂ ಹೊಂದುವ ರೀತಿಯೂ ಇದಲ್ಲ. ಮಾತಾಡುವ ರೋಗಿಗೆ ಮಾತು ಬದಲಿಸದೆ ಕಿವಿಗೊಡಬೇಕು. ಮೌನಿಯಾದವರನ್ನು ಬಲವಂತವಾಗಿ ಮಾತಿಗೆಳೆಯಬಾರದು. ಎರಡರಲ್ಲಿ ಯಾವುದು ಎಂದು ತಿಳಿಯುವ ಏಕೈಕ ಉಪಾಯ ಅವರನ್ನೇ ಕೇಳುವುದು.

ಅಳುವಿನ ವಿಷಯದಲ್ಲಿ ಮನೆಯವರು ತಿಳಿದಿರಬೇಕಾದ ಒಂದು ವಿಚಿತ್ರವಿದೆ. ಈ ರೋಗದಲ್ಲಿ ಅನೇಕರಿಗೆ ನಗು ಮತ್ತು ಅಳುವನ್ನು ಹಿಡಿದಿಡುವ ಮಿದುಳಿನ ಹಾದಿಗಳೂ ಕೆಡುತ್ತವೆ. ಸಣ್ಣ ಮಾತಿಗೆ ಬಿಕ್ಕಿ ಬಿಕ್ಕಿ ಅಳು, ಇಲ್ಲವೇ ಸಾವಿನ ಸುದ್ದಿಗೆ ತಡೆಯಲಾಗದ ನಗು. ಒಳಗೆ ದುಃಖವೂ ಇರದು, ಸಂತೋಷವೂ ಇರದು. ನಡುಕದ ಹಾಗೆ ಇದೂ ರೋಗದ ಲಕ್ಷಣ, ಔಷಧಿಯೂ ಉಂಟು. ಗೊತ್ತಿಲ್ಲದಿದ್ದರೆ ಏನಾಗುತ್ತದೆ? ನಕ್ಕ ಅಜ್ಜನ ಮೇಲೆ ಸೊಸೆ ಮುನಿಯುತ್ತಾಳೆ, ಅತ್ತ ಅಮ್ಮನ ಮುಂದೆ ಮಕ್ಕಳು ಬರುವುದನ್ನೇ ಬಿಡುತ್ತಾರೆ. ನಿಜವಾದ ಖಿನ್ನತೆ ಬೇರೆ. ಅದೂ ಕೆಲವರಿಗೆ ಬರುತ್ತದೆ; ಇಂಥ ರೋಗದಲ್ಲಿ ಬೇಸರ ಸಹಜವೇ ಎಂದು ಸುಮ್ಮನಿರದೆ ಅದಕ್ಕೂ ಚಿಕಿತ್ಸೆ ಮಾಡಿಸಬೇಕು.

ರೋಗಿಗಳ ಬದುಕಿನ ತೃಪ್ತಿಯನ್ನು ಅಳೆದ ಒಂದು ಅಧ್ಯಯನ 2000ದಲ್ಲಿ ಅಮೆರಿಕದ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಬಂತು. ಸ್ನಾಯುಗಳಲ್ಲಿ ಎಷ್ಟು ಬಲ ಉಳಿದಿದೆ ಎಂಬುದಕ್ಕೂ, ರೋಗಿ ತನ್ನ ಬದುಕಿಗೆ ತಾನು ಕೊಟ್ಟ ಅಂಕಕ್ಕೂ ತಾಳೆಯೇ ಇರಲಿಲ್ಲ. ಮನಸ್ಸಿನ ಸ್ಥಿತಿ, ಬದುಕಿಗೆ ಅರ್ಥವಿದೆ ಎಂಬ ಭಾವನೆ, ಸುತ್ತಲಿನವರ ಆಸರೆ, ಅಂಕವನ್ನು ನಿರ್ಧರಿಸಿದ್ದು ಇವು. ನೋಡುವವರು ಸಾಮಾನ್ಯವಾಗಿ ಬಲವನ್ನು ಮಾತ್ರ ನೋಡಿ ‘ಇಂಥ ಬದುಕು ಯಾರಿಗೂ ಬೇಡ’ ಎಂದುಬಿಡುತ್ತಾರೆ. ಆದರೆ ಬದುಕುತ್ತಿರುವವರನ್ನು ಕೇಳಿದರೆ ಉತ್ತರ ಎಷ್ಟೋ ಸಲ ಬೇರೆ.

ಕೇಳುವುದೇನೋ ಸರಿ, ಮಾತು ಹೋದವರು ಉತ್ತರಿಸುವುದು ಹೇಗೆ? 1985ರಲ್ಲಿ ಕಂಪ್ಯೂಟರ್ ಸಿಗುವ ಮೊದಲು ಹಾಕಿಂಗ್ ಅವರ ಎದುರು ಅಕ್ಷರಗಳ ಹಲಗೆಯೊಂದನ್ನು ಹಿಡಿಯುತ್ತಿದ್ದರು. ಸರಿಯಾದ ಅಕ್ಷರ ಬಂದಾಗ ಅವರು ಹುಬ್ಬು ಏರಿಸುತ್ತಿದ್ದರು. ಆಮೇಲೆ ವಾಲ್ಟ್ ವೊಲ್ಟೋಸ್ ಎಂಬವರು ಬರೆದ ಪ್ರೋಗ್ರಾಂ ಬಂತು, ನಿಮಿಷಕ್ಕೆ ಹದಿನೈದು ಪದದವರೆಗೆ ವೇಗ ಬಂತು. ಕೊನೆಯ ವರ್ಷಗಳಲ್ಲಿ ಬೆರಳೂ ಸೋತು, ಕೆನ್ನೆಯ ಒಂದು ಸ್ನಾಯುವನ್ನು ಮಿಡಿದು ಬರೆಯುವಾಗ ನಿಮಿಷಕ್ಕೆ ಒಂದೆರಡು ಪದಕ್ಕೆ ಇಳಿಯಿತು. ಕಣ್ಣಿನ ಚಲನೆಯಿಂದ ನಡೆಯುವ ಕಂಪ್ಯೂಟರ್ ಈಗ ಬಂದಿದೆ. ದುಡ್ಡಿಲ್ಲದ ಮನೆಗೆ ರಟ್ಟಿನ ಹಲಗೆಯೇ ಸಾಕು.

ಇದರಲ್ಲಿ ಕನ್ನಡ ವರ್ಣಮಾಲೆಯದೊಂದು ಅನುಕೂಲವಿದೆ. ವರ್ಗೀಯ ವ್ಯಂಜನಗಳು ಐದು ಸಾಲು, ಸಾಲಿಗೆ ಐದು. ಒಂದೊಂದಾಗಿ ಕೇಳುತ್ತ ಹೋದರೆ ಕೊನೆಯ ‘ಮ’ಕ್ಕೆ ಇಪ್ಪತ್ತೈದು ಪ್ರಶ್ನೆ. ಮೊದಲು ಸಾಲು, ಆಮೇಲೆ ಅಕ್ಷರ ಎಂದು ಕೇಳಿದರೆ ಹೆಚ್ಚೆಂದರೆ ಹತ್ತು. ಆರನೆಯ ಸಾಲಿಗೆ ‘ಯ’ದಿಂದ ಮುಂದಿನವು. ಬಳಿಕ ಸ್ವರ. ಹೌದಾದರೆ ಕಣ್ಣು ಮುಚ್ಚಿ ತೆರೆಯಬೇಕು. ‘ನೀರು’ ಎಂಬ ಪದ ನೋಡಿ: ತ ವರ್ಗಕ್ಕೆ ನಾಲ್ಕು ಪ್ರಶ್ನೆ, ‘ನ’ಕ್ಕೆ ಐದು, ‘ಈ’ ಸ್ವರಕ್ಕೆ ನಾಲ್ಕು, ‘ಯ’ ಸಾಲಿಗೆ ಆರು, ‘ರ’ಕ್ಕೆ ಎರಡು, ‘ಉ’ ಸ್ವರಕ್ಕೆ ಐದು. ಒಟ್ಟು 26 ಪ್ರಶ್ನೆ. ನಮ್ಮ ಭಾಷೆಯಲ್ಲಿ ಅಪರೂಪದ ಅಕ್ಷರಗಳನ್ನು ಹಿಂದಕ್ಕೂ, ಪದೇ ಪದೇ ಬರುವುದನ್ನು ಮುಂದಕ್ಕೂ ಇಟ್ಟರೆ ಇನ್ನೂ ಕಡಿಮೆಯಾಗುತ್ತದೆ. ಒಂದು ಪುಟ ಕನ್ನಡ ಗದ್ಯ ತೆಗೆದುಕೊಂಡು ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸುವುದು ವಿಜ್ಞಾನ ಸಂಘದ ಮಕ್ಕಳಿಗೆ ಒಂದು ಮಧ್ಯಾಹ್ನದ ಕೆಲಸ.

ಹಲಗೆಯ ಮೇಲ್ತುದಿಯಲ್ಲಿ ಒಂದಷ್ಟು ಇಡೀ ಪದಗಳನ್ನೇ ಬರೆದಿಡಬೇಕಾಗುತ್ತದೆ. ಮನೆಯವರಿಗೆ ಬಿಟ್ಟರೆ ನೀರು, ಊಟ, ನೋವು, ಶೌಚ ಎಂದು ಬರೆಯುತ್ತಾರೆ. ಆ ಪದಗಳನ್ನು ಆರಿಸಬೇಕಾದವರು ಹಾಸಿಗೆಯಲ್ಲಿರುವವರು. ಒಬ್ಬರಿಗೆ ಕ್ರಿಕೆಟ್ ಸ್ಕೋರ್ ಬೇಕಾಗಬಹುದು, ಇನ್ನೊಬ್ಬರಿಗೆ ‘ಟೀವಿ ಆರಿಸು’ ಎಂಬುದೇ ಎಲ್ಲಕ್ಕಿಂತ ಅಗತ್ಯವಿರಬಹುದು. ಹಾಕಿಂಗ್ ಅವರ ಕಿರಿಯ ಮಗ ಟಿಮ್ ಚಿಕ್ಕವನಿದ್ದಾಗ ಅಪ್ಪನ ಮಾತಿನ ಯಂತ್ರಕ್ಕೆ ಗುಟ್ಟಾಗಿ ಬೈಗುಳಗಳನ್ನು ಸೇರಿಸಿಬಿಡುತ್ತಿದ್ದನಂತೆ. ಅಂಥದೂ ಒಂದೆರಡು ಇರಲಿ.